ಕಾಲುವೆ ಏರಿಯ ಒಂದೇ ಮಂಚ

ಹೊಸಪೇಟೆಯಲ್ಲಿ, ಊರು ಮುಗಿದು ದಾರಿ ಮಲಪನಗುಡಿಯ ಕಡೆ ತಿರುಗುವಲ್ಲಿ, ಕಾಲುವೆಯ ಏರಿಯ ಮೇಲೆ ನಾನು ನಿಂತಿದ್ದೆ. ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿದ್ದು ನೆನಪಿದೆ, ಹನ್ನೆರಡಕ್ಕೆ ಸಂಡೂರಿನಲ್ಲಿ ಸಭೆಯಿತ್ತು. ಬೆನ್ನಿಗೆ ಕಾಲುವೆ, ಎದುರಿಗೆ ಸಾಲಾಗಿ ಹದಿನಾಲ್ಕು ಗುಡಿಸಲು. ಮೊದಲ ಗುಡಿಸಲ ಬಾಗಿಲಿಗೂ ನನಗೂ ಆರು ಹೆಜ್ಜೆ.

ಆಗ ನಾನು ರಾಜ್ಯದ ವಸತಿ ಸಂಸ್ಥೆಯೊಂದರ ಮುಖ್ಯಸ್ಥನಾಗಿದ್ದೆ. ಮನೆಯಿಲ್ಲದವರಿಗೆ ಮನೆ ಕೊಡಿಸುವುದು ನಮ್ಮ ಕೆಲಸ. ಗಾದಿಗನೂರಿನ ದಾರಿಯಲ್ಲಿ ಹೊಸ ಮನೆಗಳ ಸಾಲು ಸಿದ್ಧವಾಗಿತ್ತು. ಅರ್ಜಿ ಹಾಕಿದವರು ಮಾತ್ರ ಮನೆಗಳಿಗಿಂತ ಬಹಳ ಹೆಚ್ಚು.

ನನಗೆ ಎರಡು ಪದ್ಧತಿಗಳಿದ್ದವು. ಎರಡರ ಬಗ್ಗೆಯೂ ಹೆಮ್ಮೆಯಿತ್ತು. ಯಾವ ಊರಿಗೆ ಹೋದರೂ ಪಟ್ಟಿಯಲ್ಲಿನ ಕೆಲವರ ಮನೆಗೆ ನಾನೇ ನಡೆದು ಹೋಗಿ ನೋಡುತ್ತಿದ್ದೆ, ಅದು ಒಂದು. ಇನ್ನೊಂದು, ಸ್ಥಳದಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದು, ಅದರ ಕೆಳಗೆ ‘ನಿರ್ವಸತಿ’ ಅಥವಾ ‘ವಾಸಯೋಗ್ಯ’ ಎಂದು ಒತ್ತಿ ಕಳುಹಿಸಬೇಕು. ಮೊದಲನೆಯದಾದರೆ ಮನೆ, ಎರಡನೆಯದಾದರೆ ಹೆಸರು ಪಟ್ಟಿಯಿಂದ ಹೊರಗೆ. ಕಳುಹಿಸಿದ ಮೇಲೆ ಅದನ್ನು ಯಾರೂ ತಿದ್ದುವಂತಿಲ್ಲ, ನಾನೂ ಸಹ. ಕಚೇರಿಗಳಲ್ಲಿ ಕೂತು ಪಟ್ಟಿ ತಿದ್ದುವುದನ್ನು ನಿಲ್ಲಿಸಲು ಆ ನಿಯಮವನ್ನು ನಾನೇ ತಂದಿದ್ದೆ.

ಹಿಂದಿನ ದಿನ ಕಂಪ್ಲಿಯಲ್ಲಿ ಒಂದು ಮನೆಯವರು ನಾವು ಬರುತ್ತೇವೆಂದು ತಮ್ಮ ಟಿವಿಯನ್ನು ಹುಲ್ಲಿನ ಬಣವೆಯೊಳಗೆ ಬಚ್ಚಿಟ್ಟಿದ್ದರು. ಅದನ್ನು ಹೇಳಿಕೊಂಡು ನಾವು ದಾರಿಯುದ್ದಕ್ಕೂ ನಕ್ಕಿದ್ದೆವು. ಹೊಸಪೇಟೆಯಲ್ಲಿ ನಾನು ಬರುವ ಸುದ್ದಿ ಯಾರಿಗೂ ಗೊತ್ತಾಗಬಾರದು ಎಂದು ನಗರಸಭೆಯ ಎಂಜಿನಿಯರಿಗೆ ಹೇಳಿದ್ದೆ. ಆದರೂ ಗೊತ್ತಾಗಿತ್ತು.

ಮೊದಲ ಗುಡಿಸಲು ಮಾರುಕಟ್ಟೆಯಲ್ಲಿ ಬಾಳೆ ಎಲೆ ಮಾರುವ ಒಬ್ಬ ಹೆಂಗಸಿನದು. ವಯಸ್ಸು ನಲವತ್ತರ ಆಸುಪಾಸು, ಗಂಡನಿಲ್ಲ, ಒಬ್ಬಳು ಮಗಳು. ಮಣ್ಣಿನ ಮೋಟು ಗೋಡೆಗೆ ಸುಣ್ಣ ಹೊಡೆದಿದ್ದಳು. ಅದು ಇನ್ನೂ ಪೂರ್ತಿ ಒಣಗಿರಲಿಲ್ಲ, ನನ್ನ ತೋಳಿಗೆ ಹತ್ತಿತು.

“ಬರ್ರಿ ಸಾಹೇಬ್ರ, ಕುಂದ್ರಿ,” ಎಂದಳು.

ಒಳಗೆ ನವಾರಿನ ಮಂಚ, ಅದರ ಮೇಲೆ ಹಸಿರು ಹಾಸಿಗೆ. ಗೋಡೆಯ ಮೊಳೆಗೆ ಒಂದು ಗಡಿಯಾರ. ಮೂಲೆಯಲ್ಲಿ ಮೇಜು ಫ್ಯಾನು. ಮಂಚದ ಮೇಲೆ ಕೂತೆ. ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟಳು, ಕುಡಿದೆ. ಸೆಖೆ ಸುಡುತ್ತಿತ್ತು, ಆದರೂ ಫ್ಯಾನು ತಿರುಗುತ್ತಿರಲಿಲ್ಲ. ಅದರ ವೈರು ಎಲ್ಲಿಗೆ ಹೋಗಿತ್ತೆಂದು ನಾನು ನೋಡಲಿಲ್ಲ. ಈ ಮಾತನ್ನು ಬರೆಯಲೇಬೇಕು, ನಾನು ನೋಡಲಿಲ್ಲ.

“ಎಷ್ಟು ವರ್ಷದಿಂದ ಇಲ್ಲಿದ್ದೀರಿ?”

“ಮಗಳು ಹುಟ್ಟಿದ ವರ್ಷದಿಂದ ಇಲ್ಲೇ ಅದೀವ್ರಿ.”

“ತೊಂದರೆ ಏನಾದರೂ?”

“ಏನೂ ಇಲ್ರಿ. ಆರಾಮ ಅದೀವಿ.”

ಕಂಪ್ಲಿಯ ಬಣವೆ ನನ್ನ ತಲೆಯಲ್ಲಿತ್ತು. ಬಚ್ಚಿಟ್ಟ ಮೇಲೂ ಇಷ್ಟು ಕಾಣುತ್ತಿದೆ ಎಂದರೆ ಬಚ್ಚಿಟ್ಟದ್ದು ಎಷ್ಟಿರಬೇಕು ಎಂದುಕೊಂಡೆ. ಫೋಟೋ ತೆಗೆದೆ. ಆಕೆ ಮಂಚದ ಪಕ್ಕ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡಳು. ‘ವಾಸಯೋಗ್ಯ’ ಒತ್ತಿದೆ. ಕಳುಹಿಸಿದೆ.

ಹೊರಗೆ ಬಂದು ಎಂಜಿನಿಯರ್ ಜೊತೆ ಕಾಲುವೆಯ ನೀರಿನ ಬಗ್ಗೆ ಮಾತಾಡಿದೆ, ಐದಾರು ನಿಮಿಷ. ಆಮೇಲೆ ಪಟ್ಟಿಯಲ್ಲಿದ್ದ ಎರಡನೇ ಹೆಸರಿನ ಗುಡಿಸಲಿಗೆ, ಸಾಲಿನ ಆ ತುದಿಗೆ ನಡೆದೆವು. ಅಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನಮಸ್ಕಾರ ಮಾಡಿದಳು, ಒಳಗೆ ಮಾತ್ರ ಕರೆಯಲಿಲ್ಲ. ನಾನೇ ಬಗ್ಗಿ ಒಳಗೆ ಹೋದೆ. ಬರಿ ನೆಲ. ಒಂದು ಕೊಡ, ಒಂದು ಒಲೆ, ಹಗ್ಗದ ಮೇಲೆ ಎರಡು ಸೀರೆ. ಫೋಟೋ ತೆಗೆದು ‘ನಿರ್ವಸತಿ’ ಒತ್ತಿ ಕಳುಹಿಸಿದೆ. ಮೊಬೈಲ್ ಜೇಬಿಗೆ ಹಾಕುವಾಗ ಕಣ್ಣು ನೆಲಕ್ಕೆ ಹೋಯಿತು. ಸಗಣಿ ಸಾರಿಸಿದ ನೆಲದಲ್ಲಿ ನಾಲ್ಕು ಗುಳಿ ಬಿದ್ದಿದ್ದವು. ಮಂಚದ ನಾಲ್ಕು ಕಾಲಿನಷ್ಟು ಅಂತರ.

ಅಷ್ಟರಲ್ಲಿ ಅಜ್ಜಿ ಹೊರಗೆ ಯಾರನ್ನೋ ಬೈಯುವುದು ಕೇಳಿಸಿತು.

“ಸಾಹೇಬ್ರು ಬಂದು ನಿಂತಾರ, ಕುಂದ್ರಸಾಕ ಮಂಚ ಇಲ್ಲ! ಅಲ್ಲೇನ್ ಲಗ್ನ ಮಾಡಾಕ ಹತ್ತಿದ್ರೇನಲೇ?”

“ನಿನ್ ಮಂಚ ಏನ್ ಹಗುರ ಐತೇನ್ ಬೇ? ಲಾರಿ ಅದಿರು ಇದಕ್ಕಿಂತ ಕಡಿಮಿ ತೂಗ್ತೈತಿ.”

ಗುಡಿಸಲುಗಳ ಹಿಂದಿನಿಂದ, ಸಂಡೂರಿನ ಅದಿರು ಲಾರಿಗಳಿಗೆ ಟಾರ್ಪಾಲು ಕಟ್ಟುವ ಪಕ್ಕದ ಮನೆಯಾತ ಮಂಚವನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ. ಹಿಂದೆ ಬಾಳೆ ಎಲೆಯ ಹೆಂಗಸು. ಬಗಲಲ್ಲಿ ಫ್ಯಾನು, ಕೈಯಲ್ಲಿ ಗಡಿಯಾರ, ಹೆಗಲ ಮೇಲೆ ಹಸಿರು ಹಾಸಿಗೆ. ನನ್ನನ್ನು ಕಂಡು ಇಬ್ಬರೂ ನಿಂತರು. ಆತ ಮಂಚ ಇಳಿಸಲೂ ಇಲ್ಲ, ಮುಂದೆ ಬರಲೂ ಇಲ್ಲ.

“ಇದು ಯಾರ ಮಂಚ?” ಎಂದೆ.

“ಈಕಿದ್ರಿ,” ಎಂದು ಆಕೆ ಅಜ್ಜಿಯ ಕಡೆ ಗದ್ದ ಎತ್ತಿದಳು. “ಗಡಿಯಾರ ಈ ಅಣ್ಣಾರದು, ಫ್ಯಾನು ಅಂಗಡಿಯವರದು. ನೀವು ಮೊದ್ಲ ನಮ್ ಮನಿಗೆ ಬರ್ತೀರಂತ ಗೊತ್ತಾತು. ಮೊದ್ಲ ನಾ ಇಸ್ಕೊಂಡೆ.”

“ನಿಮ್ಮದಲ್ಲ ಅಂತ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲಲ್ರಿ.” ಜಾರುತ್ತಿದ್ದ ಫ್ಯಾನನ್ನು ಮೇಲಕ್ಕೆತ್ತಿಕೊಂಡು ಕೇಳಿದಳು, “ಮನಿಗೆ ಬಂದವರ್ನ ನೆಲದ ಮ್ಯಾಲ ಕುಂದ್ರಸ್ತಾರೇನ್ರಿ?”

ಟಾರ್ಪಾಲಿನಾತ ನಕ್ಕ. ಅಜ್ಜಿಯೂ ನಕ್ಕಳು. ನಾನೂ ನಕ್ಕೆನೆಂದು ಎಂಜಿನಿಯರ್ ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ನೆನಪಿರುವುದು ಇಷ್ಟು: ಮೊಬೈಲ್ ತೆಗೆದು ಆಕೆಯ ಫೋಟೋವನ್ನು ಹಿಂದಕ್ಕೆ ಪಡೆಯಲು ನೋಡಿದೆ. ಎಂಜಿನಿಯರ್ ಮೆಲ್ಲಗೆ ಹೇಳಿದರು, “ಅದು ವಾಪಸ್ ಬರಲ್ರಿ ಸರ್. ನೀವ ಮಾಡಿದ ರೂಲ್ ಅಲ್ಲೇನ್ರಿ?”

ಮಂಚದ ಒಡತಿ ನಿರ್ವಸತಿ ಆಗಿದ್ದಳು. ಮಂಚ ಬೇಡಿ ತಂದವಳು ಮನೆ ಕಳೆದುಕೊಂಡಿದ್ದಳು.

ಉಳಿದಿದ್ದು ಒಂದೇ ದಾರಿ. ಮರುಪರಿಶೀಲನೆಗೆ ಬರೆದರೆ ಹೊರಗಿನ ನಾಲ್ವರ ತಂಡ ಬಂದು ನೋಡುತ್ತದೆ, ಅವರು ಬರೆದದ್ದೇ ಕೊನೆ. ಸಂಡೂರಿಗೆ ಹೋಗುವ ದಾರಿಯಲ್ಲೇ ಬರೆದು ಕಳುಹಿಸಿದೆ. ಕಾರು ನಿಲ್ಲಿಸಿ ನಿಯಮವನ್ನೇ ಸಡಿಲಿಸಿಬಿಡಲೇ ಎಂದೂ ಯೋಚಿಸಿದೆ. ಒಬ್ಬಳಿಗೆ ತೆರೆದ ಬಾಗಿಲು ನಾಳೆ ಯಾರು ಯಾರಿಗೋ ತೆರೆಯುತ್ತದೆ ಎಂದುಕೊಂಡು ಸುಮ್ಮನಾದೆ. ಆ ದಿನ ಅದು ಸರಿಯಾದ ಯೋಚನೆ ಅನ್ನಿಸಿತು. ಈಗಲೂ ತಪ್ಪೆಂದು ಹೇಳಲಾರೆ, ಸರಿಯೆಂದೂ ಹೇಳಲಾರೆ.

ಮೂರು ವಾರದ ನಂತರ ತಂಡದ ವರದಿ ಬಂತು. ‘ವಾಸಯೋಗ್ಯ’. ಜೊತೆಗಿದ್ದ ಫೋಟೋದಲ್ಲಿ ಸುಣ್ಣದ ಗೋಡೆ, ನವಾರಿನ ಮಂಚ, ಹಸಿರು ಹಾಸಿಗೆ. ಈ ಸಲ ಒಂದು ಹೊಸ ಚಾಪೆಯೂ ಇತ್ತು. ಆಕೆ ಮಂಚದ ಪಕ್ಕ ಅದೇ ರೀತಿ ನೆಟ್ಟಗೆ ನಿಂತಿದ್ದಳು. ಮರುಪರಿಶೀಲನೆ ಒಂದೇ ಸಲ. ಆಕೆಯ ಹೆಸರು ಪಟ್ಟಿಯಿಂದ ಹೋಯಿತು. ಅಜ್ಜಿ ಗಾದಿಗನೂರಿನ ದಾರಿಯ ಹೊಸ ಮನೆಗೆ ಹೋದಳು. ಆ ವರ್ಷವೇ ನನಗೂ ಬೇರೆ ಇಲಾಖೆಗೆ ವರ್ಗವಾಯಿತು.

ಮತ್ತೆ ಮಂಚ ಹಾಕಿದ್ದು ಯಾಕೆ? ಇದನ್ನು ತಿಳಿಯಲು ಎರಡು ವರ್ಷದ ನಂತರ, ಹಂಪಿಗೆ ಬಂದಿದ್ದಾಗ, ಮೂವರನ್ನು ಕೇಳಿದೆ. ತಂಡ ಬರುವ ಹಿಂದಿನ ದಿನವೇ ತಾನು ಹೋಗಿ ‘ಮಂಚ ಗಿಂಚ ಏನೂ ಇಡಬ್ಯಾಡ್ರಿ’ ಎಂದು ಆಕೆಗೆ ಸ್ಪಷ್ಟವಾಗಿ ಹೇಳಿದ್ದಾಗಿ ಎಂಜಿನಿಯರ್ ಹೇಳಿದರು. ಅಜ್ಜಿ ತನ್ನ ಹೊಸ ಮನೆಯಲ್ಲಿ, ಅದೇ ಮಂಚದ ಮೇಲೆ ನನ್ನನ್ನು ಕೂರಿಸಿ, “ಹೇಳಿದ್ದು ಖರೇರಿ, ನಾನೂ ಅಲ್ಲೇ ಇದ್ದೆ. ಆದ್ರ ಆಕಿ ಕೇಳಿದ್ಲು. ಕೇಳಿದ ಮ್ಯಾಲ ಇಲ್ಲ ಅನ್ನಾಕ ಬರ್ತೈತೇನ್ರಿ?” ಎಂದಳು. ಬಾಳೆ ಎಲೆಯ ಹೆಂಗಸು ಮಾರುಕಟ್ಟೆಯಲ್ಲಿ ಎಲೆ ಸುತ್ತುತ್ತಲೇ ಹೇಳಿದಳು, “ನಾಕು ಮಂದಿ ಬರ್ತಾರ ಅಂದಿದ್ರು. ಒಂದ ಮಂಚ ಸಾಲಂಗಿಲ್ಲಂತ ಚಾಪಿನೂ ತಂದೆ.”

“ಇಡಬೇಡಿ ಅಂತ ಹೇಳಿರಲಿಲ್ಲವೇ?”

ಆಕೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ನೀವು ಬಂದಾಗ ಮಂಚ ಹಾಕಿ, ಅವರಿಗೆ ಬ್ಯಾಡ ಅಂದ್ರ ಅವರೇನ್ ಅನ್ಕೊಂತಾರ್ರಿ?”

ಗಿರಾಕಿ ಬಂದರು. ನಾನು ಪಕ್ಕಕ್ಕೆ ಸರಿದೆ. ಆಕೆಗೆ ಅರ್ಥವಾಗಿರಲಿಲ್ಲವೋ, ಅಥವಾ ಅರ್ಥವಾಗದೇ ಇದ್ದವನು ನಾನೊಬ್ಬನೋ, ಇವತ್ತಿಗೂ ಗೊತ್ತಾಗಿಲ್ಲ.

ಆ ಮಂಗಳವಾರ ಏರಿಯ ಮೇಲೆ ನಡೆದದ್ದನ್ನು ನನ್ನ ಹೊರತು ಕಂಡವರು ನಾಲ್ವರು. ನಾಲ್ವರೂ ಇದ್ದಾರೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರನ್ನು ಕೇಳಬಹುದು. ಎಂಜಿನಿಯರ್ ಈಗ ಸಂಡೂರಿನಲ್ಲಿದ್ದಾರೆ. ಟಾರ್ಪಾಲು ಕಟ್ಟುವಾತ ಸೊಂಟ ಹಿಡಿದುಕೊಂಡು ಅದೇ ಕೆಲಸದಲ್ಲಿದ್ದಾನೆ. ಅಜ್ಜಿ ಗಾದಿಗನೂರಿನ ದಾರಿಯ ಮನೆಯಲ್ಲಿದ್ದಾಳೆ, ಮಂಚವೂ ಅಲ್ಲಿದೆ. ಬಾಳೆ ಎಲೆಯ ಹೆಂಗಸು ಮಗಳ ಜೊತೆ ಕಾಲುವೆ ಏರಿಯ ಮೇಲೆ, ಮೊದಲ ಗುಡಿಸಲಿನಲ್ಲಿ.