ಬಾವಿಗಿಳಿಸಿದ ಅಯಸ್ಕಾಂತ

೧೯೯೬ರ ನನ್ನ ಡೈರಿಯಲ್ಲಿ ಜನವರಿ ಹನ್ನೊಂದರ ಪುಟ ಹೀಗಿದೆ: 'ಕಾಫಿ ಸ್ಟೋರಿನ ಕೀಲಿ ಬಾವಿಗೆ ಬಿತ್ತು. ವಿದ್ಯುತ್ ಅಯಸ್ಕಾಂತ ಮಾಡಿ ಎತ್ತುವುದು.'

ದಪ್ಪ ಬೋಲ್ಟಿಗೆ ಹಳೇ ಮೋಟಾರಿನ ತಂತಿ ಸುತ್ತಿ ನಾನೇ ಅದನ್ನು ಮಾಡಿದೆ. ಮನೆಯ ಕರೆಂಟು ಅಪಾಯವೆಂದು, ಹಾನುಬಾಳಿನಲ್ಲಿ ಸ್ವಂತ ಜೀಪ್ ಓಡಿಸುವ ಡ್ರೈವರ್ ರುದ್ರೇಶನಿಂದ ಬ್ಯಾಟರಿ ತರಿಸಿದೆ. ಆಗಷ್ಟೇ ಚಾರ್ಜ್ ಮಾಡಿಸಿದ್ದು.

"ಬೀಗ ಒಡ್ದ್‌ಬುಡಾಣ ಅಮ್ಮಾವ್ರೇ. ಒಂದ್ ಕೀಲಿಗೆ ಇಷ್ಟೆಲ್ಲ ಯಾಗ ಮಾಡ್ತಾರಾ?" ಎಂದ ಅವನು.

"ನಾನು ಬಿ.ಎಸ್ಸಿ. ಓದಿದೋಳು ಕಣೋ. ಹನ್ನೆರಡು ವೋಲ್ಟಿಗೆ ಯಾರೂ ಸಾಯಲ್ಲ."

"ಸಾಯಾದ್ ಬುಡಿ, ತಂತಿ ತಗ್ಯುವಾಗ ಕಿಡಿ ಹಾರ್ತೈತಲ್ಲ!"

"ಇಷ್ಟು ಪುಕ್ಕಲ ಘಾಟಿಯಲ್ಲಿ ಜೀಪ್ ಹೆಂಗೆ ಓಡಿಸ್ತೀಯೋ?" ಎಂದು ಹಂಗಿಸಿದೆ. ಅವನು ನಕ್ಕು ಬ್ಯಾಟರಿಯ ಮೇಲೆ ಬಗ್ಗಿದ.

ಮೂರು ಸಲ ಇಳಿಸಿದರೂ ಬಂದದ್ದು ತುಕ್ಕು ಹಿಡಿದ ಬಕೆಟ್ಟಿನ ಹಿಡಿ ಮಾತ್ರ. ತಂತಿ ಕಾಯತೊಡಗಿತು. "ತೆಗಿ" ಎಂದೆ. ಅವನು ಬ್ಯಾಟರಿಯ ಮೇಲಿಂದಲೇ ತಂತಿ ಕಿತ್ತ. ಕಿಡಿ ಹಾರಿತು. ಹೊಸದಾಗಿ ಚಾರ್ಜ್ ಆದ ಬ್ಯಾಟರಿಯಿಂದ ಏಳುತ್ತಿದ್ದ ಹೈಡ್ರೋಜನ್ ಗ್ಯಾಸಿಗೆ ಅದು ತಗಲಿ ಮುಚ್ಚಳ ಸಿಡಿದು, ಆಸಿಡ್ ಅವನ ಮುಖಕ್ಕೆ ಚಿಮ್ಮಿತು. ಅದೇ ಬಾವಿಯ ನೀರನ್ನು ಸೇದಿ ಸೇದಿ ಸುರಿದೆ.

ತಂತಿಯ ನಡುವೆ, ಬ್ಯಾಟರಿಯಿಂದ ದೂರದಲ್ಲಿ ಒಂದು ಸ್ವಿಚ್ಚು ಹಾಕಿ ಅಲ್ಲೇ ಆರಿಸಬೇಕಿತ್ತು. ಆ ಪಾಠ ನಾನು ಓದಿದ್ದೆ. ಕಿಡಿಯ ಮಾತು ಎತ್ತಿದವನು ಮಾತ್ರ ಡ್ರೈವರ್.

ಸ್ಟೋರಿನ ಬೀಗ ಮರುದಿನ ಸುತ್ತಿಗೆಯ ಎರಡೇ ಏಟಿಗೆ ಬಿಟ್ಟುಕೊಂಡಿತು. ಬೇಸಿಗೆಯಲ್ಲಿ ಬಾವಿಯ ಹೂಳೆತ್ತಿಸಿದಾಗ ಕೀಲಿಯೂ ಸಿಕ್ಕಿತು. ಮೇಲಿನ ಬೆಳ್ಳನೆಯ ಪಾಲಿಶ್ ಎದ್ದುಹೋಗಿ, ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಹಿತ್ತಾಳೆ ಯಾವ ಅಯಸ್ಕಾಂತಕ್ಕೂ ಅಂಟುವುದಿಲ್ಲ.

ಡೈರಿಯಲ್ಲಿ ಆ ಪುಟದ ಕೆಳಗೆ ಆಮೇಲೆ ಬರೆದದ್ದು ಇಷ್ಟೇ: 'ರುದ್ರೇಶನ ಬಲಗಣ್ಣು ಹೋಯಿತು. ಜೀಪ್ ಮಾರಿದ.'