ಹಳೇ ಯಜಮಾನರ ಮೂಗು

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಡೈ ಮಾವ ಎಂದೇ ಕರೆಯುತ್ತಿದ್ದರು. ಹೊಸಬರು ಇದು ತಲೆಗೂದಲಿನ ಡೈ ಇರಬೇಕೆಂದು ಕಣ್ಣೆತ್ತಿ ನೋಡಿದರೆ, ಮಾವನ ತಲೆ ಹತ್ತಿಯಷ್ಟು ಬಿಳಿ! ಮಾವ ಮಾಡುವ ಡೈ ಎಂದರೆ ಉಕ್ಕಿನ ಅಚ್ಚು. ಎರಡು ಹೋಳು, ನಡುವೆ ಟೊಳ್ಳು. ಹೋಳುಗಳು ಮುಚ್ಚಿಕೊಂಡಾಗ ಕಾದ ಅಲ್ಯೂಮಿನಿಯಂ ರಸ ಒಳಗೆ ನುಗ್ಗುತ್ತದೆ. ತೆರೆದಾಗ ಬಾಗಿಲಿನ ಹಿಡಿಯೋ ನಲ್ಲಿಯ ತಿರುಪೋ ಟಣ್ಣನೆ ಹೊರಬೀಳುತ್ತದೆ. ಇಪ್ಪತ್ತೆಂಟು ವರ್ಷ ಮಾವನ ಅಚ್ಚು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಒಂದು ದಿನ ಕಾರ್ಖಾನೆಯ ಯಜಮಾನರು ತಮ್ಮ ತೀರಿಹೋದ ತಂದೆಯ ಫೋಟೋ ತಂದರು.

"ಮಾವ, ಕಾರ್ಖಾನೆಗೆ ಐವತ್ತು ತುಂಬ್ತಿದೆ. ಅಪ್ಪನ ಮುಖ ಮುನ್ನೂರು ಬೇಕು. ಬಂದೋರಿಗೆಲ್ಲ ಕೊಡೋಣ."

ಮಾವ ಫೋಟೋ ನೋಡಿ ತಲೆ ಕೆರೆದುಕೊಂಡರು. ಹಳೇ ಯಜಮಾನರದು ಗಿಣಿಮೂಗು, ತುದಿ ತುಟಿಯ ಮೇಲೆ ಬಾಗಿತ್ತು. ಆದರೂ ಮೂರು ವಾರ ಕೂತು ಉಕ್ಕಿನಲ್ಲಿ ಮುಖ ಕೊರೆದರು. ಮೊದಲ ಎರಕಕ್ಕೇ ಮುಖ ಅಚ್ಚಿನಲ್ಲಿ ಕಚ್ಚಿಕೊಂಡಿತು. ಬಾಗಿದ ಮೂಗು ಕೊಕ್ಕೆಯಂತೆ ಸಿಕ್ಕಿಕೊಂಡು ಜಪ್ಪಯ್ಯ ಎಂದರೂ ಬರಲೊಲ್ಲದು. ಸುತ್ತಿಗೆಯಿಂದ ತಟ್ಟಿದಾಗ ಮುಖವೇನೋ ಬಂತು, ಮೂಗು ಒಳಗೇ ಉಳಿಯಿತು.

"ಅಯ್ಯೋ, ನಮ್ಮಪ್ಪನ ಮೂಗು ಕುಯ್ದುಬಿಟ್ರಲ್ಲ!" ಎಂದು ಯಜಮಾನರು ಕೂಗಿದರು.

"ಅಚ್ಚಿಗೆ ಮೂರನೇ ತುಂಡು ಸೇರಿಸ್ಬೇಕು ಸಾರ್. ಮೂಗಿನ ಕೆಳಗಿಂದ ಪಕ್ಕಕ್ಕೆ ಸರಿಯೋ ಹಾಗೆ. ಹತ್ತು ದಿನ ಬೇಕು."

"ಹತ್ತು ದಿನಾನಾ? ಮೂಗನ್ನೇ ನೆಟ್ಟಗೆ ಮಾಡ್ಬಿಡಿ. ಯಾರಿಗೆ ಗೊತ್ತಾಗತ್ತೆ?"

ಮಾವ ಒಲ್ಲದ ಮನಸ್ಸಿನಿಂದ ನೆಟ್ಟಗೆ ಮಾಡಿದರು. ಈಗ ಮುಖಗಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂದವು. ಯಜಮಾನರು ಹಿಗ್ಗಿ ತಾಯಿಯನ್ನೇ ಕಾರ್ಖಾನೆಗೆ ಕರೆತಂದರು. ಆಕೆ ಕನ್ನಡಕ ಏರಿಸಿ ತಿರುಗಿಸಿ ಮುರುಗಿಸಿ ನೋಡಿದರು.

"ಯಾರಪ್ಪ ಈ ಚೆಲುವ?"

"ಅಪ್ಪ ಕಣಮ್ಮಾ!"

"ಸುಮ್ನಿರೋ. ಆ ಮೂಗು ನೋಡಿ ಮದುವೇನೇ ಬೇಡ ಅಂತ ನಾನು ಮೂರು ದಿನ ಊಟ ಬಿಟ್ಟಿದ್ದೆ. ಆಮೇಲೆ ನಲವತ್ತು ವರ್ಷ ಅದರ ಜೊತೆ ಬಾಳಿದೀನಿ. ಈಗ ಯಾರದೋ ಮೂಗು ತಂದು ಗಂಡ ಅಂತೀಯಲ್ಲೋ!"

ಮಾವ ನಗು ತಡೆಯಲಾರದೆ ಯಂತ್ರದ ಹಿಂದೆ ಸರಿದರು. ಯಜಮಾನರು ಹತ್ತು ದಿನ ಕೊಟ್ಟರು. ಹನ್ನೊಂದನೆಯ ದಿನ ಪಕ್ಕದ ತುಂಡು ಸರ್ರನೆ ಸರಿಯಿತು, ಗಿಣಿಮೂಗು ಇಡಿಯಾಗಿ ಹೊರಬಂತು. ಮುದುಕಿ ಬೆರಳಿಂದ ಅದರ ತುದಿ ಮುಟ್ಟಿ, "ಇವ್ರೇ" ಎಂದರು.

ಮಾವನಿಗೂ ಒಂದು ಮುಖ ಸಿಕ್ಕಿತು. ಅವರ ಹೆಂಡತಿ ಅದನ್ನು ಗಾಳಿಗೆ ಬಡಿದುಕೊಳ್ಳುವ ಅಡುಗೆಮನೆ ಬಾಗಿಲಿಗೆ ಅಡ್ಡ ಇಟ್ಟಿದ್ದಾರೆ. ಯಾರ ಮುಖವೆಂದು ಇವತ್ತಿಗೂ ಕೇಳಿಲ್ಲ.