ದೊಡ್ಡ ಸ್ಕ್ರೀನಿನ ಬಣ್ಣ, ಬಿಸಿಲಿನ ಬಣ್ಣ

“ಜರಾ ಸಾವಕಾಶ ಸರಸ್ರಿ ಸಾಹೇಬ್ರ, ನಂದಿನ್ನಾ ಓದೋದಾಗಿಲ್ಲ.”

ಅಫಜಲಪುರದಿಂದ ಜೇವರ್ಗಿಗೆ ಹೊರಟಿದ್ದ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು ನನಗೆ ಹೇಳಿದ ಮಾತಿದು. ಅವರು ಓದುತ್ತಿದ್ದದ್ದು ಪೇಪರ್ ಅಲ್ಲ. ನನ್ನ ಹೊಸ ಫೋನಿನಲ್ಲಿ, ನನಗೆ ಬಂದಿದ್ದ, ನನ್ನ ಹೆಂಡತಿಯ ಮೆಸೇಜು! ಬರುವಾಗ ಏನೇನು ತರಬೇಕು, ಕಳೆದ ಸಲ ಏನೇನು ಮರೆತಿದ್ದೆ ಎಂಬ ಉದ್ದನೆಯ ದೋಷಾರೋಪಣೆ ಅದು. ಹಿಂದಿನ ಸೀಟಿನವರೂ ಓದಿದ್ದರೆಂದು ಕಾಣುತ್ತದೆ. ಜೇವರ್ಗಿಯಲ್ಲಿ ಇಳಿಯುವಾಗ ಬದನೆಕಾಯಿ ಮರೆಯಬೇಡಿ ಎಂದು ನೆನಪು ಮಾಡಿಕೊಟ್ಟರು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೆಮ್ಮೆಯಾಯಿತು! ಹಿಂದಿನ ಸೀಟಿಗೂ ಅಕ್ಷರ ಕಾಣಿಸುವ ಫೋನು ನಿಮ್ಮಲ್ಲಿ ಎಷ್ಟು ಮಂದಿಯ ಹತ್ತಿರ ಇದೆ, ಹೇಳಿ?

ಈ ಅಂಕಣ ಓದುವವರಿಗೆ ನಾನು ಅಫಜಲಪುರ ಕೋರ್ಟಿನ ವಕೀಲ ಎಂಬುದು ಗೊತ್ತು. ಹೊಸ ವಸ್ತು ಕಂಡರೆ ಕೈ ಸುಮ್ಮನಿರುವುದಿಲ್ಲ ಎಂಬುದೂ ಗೊತ್ತು. ಹಳೆಯ ಫೋನಿನ ಗಾಜು ಬಿರುಕು ಬಿಟ್ಟು, ಕಕ್ಷಿದಾರರ ಫೋಟೋಗಳೆಲ್ಲ ಎರಡೆರಡು ತುಂಡಾಗಿ ಕಾಣತೊಡಗಿದ ಮೇಲೆ ಇದನ್ನು ತಂದೆ. ಅಬ್ಬಾ, ಎಂಥ ಸ್ಕ್ರೀನು! ಆನ್ ಮಾಡಿದ ಮೊದಲ ರಾತ್ರಿ ಮಲಗಿಕೊಂಡೇ ನೋಡುತ್ತ ನೋಡುತ್ತ ಕೈ ಸೋತು, ಫೋನು ಮೂಗಿನ ಮೇಲೇ ಬಿತ್ತು. ಮೂಗು ಮುಟ್ಟಿ ನೋಡುವ ಮೊದಲು ಫೋನಿನ ಗಾಜು ಮುಟ್ಟಿ ನೋಡಿದೆ. (ಎರಡಕ್ಕೂ ಏನೂ ಆಗಿರಲಿಲ್ಲ.)

ಅಂಗಿಯ ಜೇಬಿಗೆ ಹಾಕಿದರೆ ಅರ್ಧ ಹೊರಗೆ ಇಣುಕುತ್ತದೆ. ಕರಿ ಕೋಟಿನ ಜೇಬಿಗೆ ಹಾಕಿದರೆ ಕೋಟು ಒಂದು ಕಡೆ ವಾಲುತ್ತದೆ. ಬಾರ್ ರೂಮಿನ ಗೆಳೆಯರು, ಪಾಟಿ ತಂದಿದ್ದೀಯಲ್ಲ, ಬಳಪ ಎಲ್ಲಿ ಎಂದು ಕೇಳಿದರು. ಕೇಳಲಿ. ಕನ್ನಡಕ ಹುಡುಕದೆ ಇಡೀ ಆದೇಶ ಓದಿ ಮುಗಿಸಿದ ಸುಖ ಅವರಿಗೇನು ಗೊತ್ತು?

ಜೇವರ್ಗಿ ಬಸ್ಸು ಹತ್ತಿದ ಆ ಭಾನುವಾರ ನಾನು ಹೊರಟಿದ್ದು ಇಜೇರಿಗೆ, ಅಕ್ಕನ ಮನೆಗೆ. ಅಕ್ಕನ ಮಗಳು ಭಾಗ್ಯಾ ಯಡ್ರಾಮಿಯ ಶಾಲೆಯೊಂದರಲ್ಲಿ ಟೀಚರು. ಅವಳಿಗೆ ಆಳಂದದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪುಣೆಯ ಕಾರ್ಖಾನೆಯಲ್ಲಿ ಎಂಜಿನಿಯರ್. ಎರಡೂ ಕಡೆಯ ಹಿರಿಯರು ಹೋಗಿ ಬಂದು ಒಪ್ಪಿಕೊಂಡಿದ್ದರು. ಹುಡುಗನಿಗೆ ಮಾತ್ರ ರಜೆ ಇಲ್ಲ. ಈಗ ವಿಡಿಯೋ ಕಾಲಿನಲ್ಲಿ ಮಾತಾಡಲಿ, ನೇರ ನಿಶ್ಚಯಕ್ಕೇ ಬರುತ್ತಾನೆ ಎಂದು ಆಳಂದದವರು ಹೇಳಿ ಕಳಿಸಿದ್ದರು.

ವಿಡಿಯೋ ಕಾಲ್ ಅಂದರೆ ನನ್ನ ಫೋನೇ ಬೇಕಲ್ಲವೇ? ಭಾಗ್ಯಾಳ ಸಣ್ಣ ಫೋನನ್ನು ಪಕ್ಕಕ್ಕೆ ಸರಿಸಿ, ನನ್ನದನ್ನು ತುಂಬಿದ ತಂಬಿಗೆಗೆ ಆನಿಸಿ ನಿಲ್ಲಿಸಿದೆ. ಹುಡುಗ ಬಂದ. ಕೆಂಪಗೆ ಹೊಳೆಯುತ್ತಿದ್ದ! ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರು ಕೂಡ ಮಿಂಚುತ್ತಿತ್ತು. ಮನೆಮಂದಿಯೆಲ್ಲ ಚಾಪೆ ಹಾಸಿಕೊಂಡು ಮುಂದೆ ಕೂತರು. ಆಚೆ ಮನೆಯವರೂ ಬಂದರು. ಎಲ್ಲರಿಗೂ ಕಾಣುತ್ತಿತ್ತಲ್ಲ, ನನಗೆ ಅದೇ ಸಂಭ್ರಮ. ಭಾಗ್ಯಾ ಊಟ ಆಯಿತೇ ಎಂದು ಕೇಳಿದಳು. ಆಯಿತು ಎಂದ. ಕೆಲಸ ಹೇಗಿದೆ ಎಂದಳು. ಚೆನ್ನಾಗಿದೆ ಎಂದ. ಅಷ್ಟೇ. ಹೇಗನ್ನಿಸಿತು ಎಂದು ಅಕ್ಕ ಕೇಳಿದಾಗ ಹುಡುಗಿ “ಹೂಂ” ಅಂದಳು.

ಇಡೀ ಓಣಿ ಸ್ಕ್ರೀನಿನ ಮುಂದೆ ಕೂತಿದ್ದರೆ ಯಾವ ಹುಡುಗಿ ತಾನೇ ಮತ್ತೇನು ಕೇಳುತ್ತಾಳೆ? ಇದು ನನಗೆ ಆಗ ಹೊಳೆಯಲಿಲ್ಲ. ನಾನು ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡಿ ಖುಷಿಪಡುತ್ತಿದ್ದೆ.

ಮುಂದಿನ ಭಾನುವಾರ ಮತ್ತೆ ಇಜೇರಿ. ಈ ಸಲ ನಿಶ್ಚಯದ ಸೀರೆ. ಹುಡುಗನ ತಾಯಿ ಆಳಂದದ ಬಟ್ಟೆ ಅಂಗಡಿಯಲ್ಲಿ ಕೂತು, ಒಂದೊಂದೇ ಸೀರೆ ಬಿಡಿಸಿ ವಿಡಿಯೋದಲ್ಲಿ ತೋರಿಸಿದರು. ಅಲ್ಲಿಂದ ಇಜೇರಿಗೆ ಅಂಗಡಿಯೇ ನಡೆದು ಬಂದ ಹಾಗಿತ್ತು! ಭಾಗ್ಯಾ ನವಿಲಿನ ಕತ್ತಿನ ಬಣ್ಣದ ರೇಷ್ಮೆ ಸೀರೆಯೊಂದರ ಮೇಲೆ ಕಣ್ಣಿಟ್ಟಳು. ನೀಲಿಯೋ ಹಸಿರೋ ಹೇಳಲಾಗದು, ಅಂಥ ಹೊಳಪು. ಅವಳ ಮುಖವೂ ಅರಳಿತು.

ಸೀರೆ ಕೊಳ್ಳುವಾಗ ನಮ್ಮ ಕಡೆಯ ಹೆಂಗಸರು ಮಾಡುವ ಒಂದು ಕೆಲಸ ನಿಮಗೆ ಗೊತ್ತೇ ಇದೆ. ಎಷ್ಟೇ ದೊಡ್ಡ ಅಂಗಡಿಯಿರಲಿ, ಎಷ್ಟೇ ಲೈಟಿರಲಿ, ಸೀರೆಯನ್ನು ಬಾಗಿಲ ತನಕ ಒಯ್ದು ಬಿಸಿಲಿಗೆ ಹಿಡಿದು ನೋಡುತ್ತಾರೆ. ಅಕ್ಕ ಅದನ್ನೇ ಹೇಳಿದಳು. “ತಮ್ಮಾ, ಒಮ್ಮಿ ಬಿಸಲಿಗಿ ಹಿಡದು ತೋರ್ಸಾಕ ಹೇಳು.”

ನಾನು ನಕ್ಕುಬಿಟ್ಟೆ. ಇಂಥ ಸ್ಕ್ರೀನಿರುವಾಗ ಬಿಸಿಲು ಯಾಕೆ ಬೇಕು? ಒಂದೊಂದು ಎಳೆ ಕಾಣುತ್ತಿದೆ ನೋಡು ಎಂದು ಬೆರಳಿನಿಂದ ಹಿಗ್ಗಿಸಿ ತೋರಿಸಿದೆ. ಸೀರೆ ಪ್ಯಾಕ್ ಆಯಿತು.

(ಕೋರ್ಟಿನಲ್ಲಿ ನಾನು ಪ್ರತಿ ಸಾಕ್ಷಿಗೂ ಒಗೆಯುವ ಮೊದಲ ಪ್ರಶ್ನೆ ಯಾವುದು ಗೊತ್ತೇ? “ನೀನು ಕಣ್ಣಾರೆ ಕಂಡಿದ್ದೀಯೇನು?”)

ಸೀರೆ ಇಜೇರಿಗೆ ಬಂದಿದೆ ಎಂದು ತಿಳಿದು ಮೆರೆಯಲು ನಾನೂ ಹೋದೆ. ಭಾಗ್ಯಾ ಅದನ್ನು ಅಂಗಳಕ್ಕೆ ತಂದು ಬಿಸಿಲಿಗೆ ಬಿಡಿಸಿದಳು. ನವಿಲು ಎಲ್ಲಿ? ಮಳೆ ಬರುವ ಹೊತ್ತಿನ ಮೋಡದಂಥ ಬೂದು ನೀಲಿ. ಸೀರೆ ಕೆಟ್ಟದ್ದೇನಲ್ಲ. ಆದರೆ ಅವಳು ಮೆಚ್ಚಿದ್ದು ಇದನ್ನಲ್ಲ. ನಾನು ಫೋನಿನ ಸೆಟ್ಟಿಂಗ್ಸ್ ತೆರೆದೆ. ಬಣ್ಣವನ್ನು ಇದ್ದದ್ದಕ್ಕಿಂತ ಹೆಚ್ಚು ಮಾಡಿ ತೋರಿಸುವ ಒಂದು ಗುಂಡಿ ಮೊದಲ ದಿನದಿಂದಲೂ ಆನ್ ಆಗಿತ್ತು! ಕಂಪನಿಯವರು ಮುಚ್ಚಿಟ್ಟಿರಲಿಲ್ಲ. ನಾನೇ ನೋಡಿರಲಿಲ್ಲ.

ನಾಚಿಕೆಯಾಯಿತು. ತೋರಿಸಿಕೊಳ್ಳದೆ, ಅಂಗಡಿಯವರು ಬದಲಿಸಿ ಕೊಡುತ್ತಾರೆ, ಅದಕ್ಕೆ ಮುಖ ಯಾಕೆ ಸಣ್ಣ ಮಾಡುತ್ತೀ ಎಂದೆ.

ಭಾಗ್ಯಾ ಸೀರೆ ಮಡಚುತ್ತ ನಿಂತಳು. ಆಮೇಲೆ ತಲೆ ಎತ್ತದೆ ಹೇಳಿದಳು. “ಸೀರಿ ಬದಲಿ ಮಾಡಬಹುದು ಮಾಮಾ. ಹುಡುಗನ್ನೂ ನಾ ಇದೇ ಫೋನಿನಾಗ ನೋಡೀನಿ. ನಿಶ್ಚಯಕ್ಕಿಂತ ಮೊದಲ ಒಮ್ಮಿ ಅವರನ್ನೂ ಬಿಸಲಿಗಿ ಕರಸ್ರಿ.”

ಅಕ್ಕ ಹೆದರಿದಳು. ಹಿರಿಯರು ಒಪ್ಪಿಯಾದ ಮೇಲೆ ಹುಡುಗಿ ಹೀಗೆಂದಳು ಎಂದರೆ ಆಳಂದದವರು ಏನೆಂದುಕೊಂಡಾರು? ಸಂಬಂಧವೇ ಮುರಿದರೆ? ನನಗೂ ಭಯವಾಯಿತು. ಆದರೆ ಅವಳ “ಹೂಂ” ಎಷ್ಟು ಸಣ್ಣದಿತ್ತು ಎಂಬುದು ಈಗ ಕಿವಿಗೆ ಬಿತ್ತು. ಅದನ್ನು ಒಪ್ಪಿಗೆ ಎಂದು ದಾಖಲು ಮಾಡಿಕೊಂಡವನು ನಾನೇ ತಾನೇ? ಹಿರಿಯರನ್ನು ದಾಟಿ ನೇರ ಹುಡುಗನಿಗೇ ಫೋನ್ ಹಚ್ಚಿದೆ. ವಿಡಿಯೋ ಅಲ್ಲ, ಬರೀ ಮಾತು.

ಹೇಳಿದ್ದನ್ನೆಲ್ಲ ಕೇಳಿ ಅವನು, ಒಂದು ನಿಮಿಷ ತಡೆಯಿರಿ, ಹೊರಗೆ ಹೋಗಿ ಮಾತಾಡುತ್ತೇನೆ ಎಂದ. ಮುಗಿಯಿತು ಅಂದುಕೊಂಡೆ. ಆಮೇಲೆ ಅಂದ: “ನನಗೂ ಅದನ್ನ ಕೇಳೋದಿತ್ರಿ. ಅಷ್ಟು ಮಂದಿ ಮುಂದ ಬಾಯಿ ಬರಲಿಲ್ಲ. ರಜಾ ಹೆಂಗರ ಮಾಡಿ ಬರ್ತೇನಿ.”

ಕಳೆದ ಭಾನುವಾರ ಬಂದ. ನಡುಹಗಲಲ್ಲಿ ಇಜೇರಿಯ ಬಸ್ಸಿನಿಂದ ಇಳಿದವನನ್ನು ನಾನು ಗುರುತೇ ಹಿಡಿಯಲಿಲ್ಲ! ಸ್ಕ್ರೀನಿನಲ್ಲಿ ಕಂಡವನಿಗಿಂತ ಕಪ್ಪು, ಸ್ವಲ್ಪ ಗಿಡ್ಡ. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಫೋನು ಇಲ್ಲೂ ಮೋಸ ಮಾಡಿತೇ?

ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರನ್ನೇ ಕೂರಿಸಿ ನಾವು ಒಳಗೆ ಹೋದೆವು. ಓಣಿಯವರನ್ನು ಅಕ್ಕ ಚಹಾದ ನೆಪದಲ್ಲಿ ಅಡುಗೆಮನೆಯಲ್ಲೇ ಹಿಡಿದಿಟ್ಟಳು. ಫೋನು ಮೂಲೆಯಲ್ಲಿ ಚಾರ್ಜಿಗೆ ಬಿದ್ದಿತ್ತು, ಯಾರಿಗೂ ಅದು ಬೇಕಾಗಲಿಲ್ಲ. ಹೊರಗೆ ಮಾತು ನಿಲ್ಲುತ್ತಲೇ ಇರಲಿಲ್ಲ. ಶಾಲೆಯದು, ಪುಣೆಯದು, ಮದುವೆಯಾದರೆ ಅವಳ ಕೆಲಸ ಏನಾಗಬೇಕು ಎನ್ನುವುದು, ಎಲ್ಲ. ನಡುವೆ ಒಮ್ಮೆ ಇಬ್ಬರೂ ಜೋರಾಗಿ ನಕ್ಕರು. ಅಕ್ಕ ನನ್ನ ಮುಖ ನೋಡಿದಳು. ನನಗೋ ಕುಣಿದುಬಿಡುವಷ್ಟು ಖುಷಿ! ಆದರೂ ತೀರ್ಪು ಬರುವ ಮೊದಲೇ ಕುಣಿಯಬಾರದು ಎಂಬುದು ವೃತ್ತಿಯ ಪಾಠ.

ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಭಾಗ್ಯಾ ನೀರಿಗೆಂದು ಒಳಗೆ ಬಂದಳು. ಹೇಗೆ ಎಂದು ಮೆಲ್ಲಗೆ ಕೇಳಿದೆ.

“ಫೋನಿನಾಗಿನಕಿಂತ ಬಣ್ಣ ಬ್ಯಾರೆ ಅದ ಮಾಮಾ,” ಅಂದಳು, ತಂಬಿಗೆ ತುಂಬಿಸಿಕೊಳ್ಳುತ್ತ. “ಇದೇ ಛಲೋ ಅದ.”